ಹಗುರ ತೇ ತಾರಿಕ್: ಆರನೇ ವಾರದ ಟಿಪ್ಪಣಿ

ಚಹಾದ ಸಿಹಿ ಇಳಿಸುವ ಈ ಪ್ರಯೋಗವೆಲ್ಲ ಶುರುವಾದದ್ದು ಡಬ್ಬಿಯ ಹಿಂಬದಿಯಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿದ ಮೇಲೆ. ಕ್ವಾಲಾಲಂಪುರಕ್ಕೆ ಬಂದಾಗಿನಿಂದ ಮನೆಯಲ್ಲಿ ತೇ ತಾರಿಕ್‌ಗೆ, ಅಂದರೆ ಮಗ್ಗಿನಿಂದ ಮಗ್ಗಿಗೆ ಎತ್ತಿ ಹೊಯ್ದು ನೊರೆ ಎಬ್ಬಿಸುವ ಇಲ್ಲಿನ ಹಾಲಿನ ಚಹಾಕ್ಕೆ, ಹಾಕುತ್ತಿರುವುದು ಕಂಡೆನ್ಸ್ಡ್ ಮಿಲ್ಕ್ ಎಂದೇ ನಂಬಿದ್ದೆ. ಡಬ್ಬಿಯ ಮೇಲೆ ಇದ್ದದ್ದು ‘ಕ್ರಿಮರ್ ಮಾನಿಸ್ ಪೆಕಾಟ್’, ಅಂದರೆ ಸಿಹಿಯಾದ ಗಟ್ಟಿ ಕ್ರೀಮರ್. ಒಳಗೆ ಸಕ್ಕರೆ, ತಾಳೆ ಎಣ್ಣೆ, ಹಾಲಿನ ಪುಡಿ. ನೂರು ಗ್ರಾಂನಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ನಾನು ಒಂದು ಲೋಟಕ್ಕೆ ಹಾಕುತ್ತಿದ್ದ ಮೂರು ದೊಡ್ಡ ಚಮಚವನ್ನು ತೂಗಿದರೆ 60 ಗ್ರಾಂ ಬಂತು, ಅಂದರೆ 30 ಗ್ರಾಂ ಮೀರಿದ ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾನು ದಿನಕ್ಕೆ ಎರಡು ಲೋಟ ಕುಡಿಯುತ್ತೇನೆ.

ಕುಡಿಯುವುದನ್ನೇ ಬಿಡುವುದು ನನ್ನಿಂದಾಗದು. ಮಲಯ ನಾಡಿಗೆ ಬಂದ ಭಾರತೀಯ ಮುಸ್ಲಿಮರ ಚಹಾದಂಗಡಿಗಳಲ್ಲಿ ಬೆಳೆದು, 2024ರಲ್ಲಿ ನಾಸಿ ಲೆಮಾಕ್, ರೋಟಿ ಚನಾಯ್ ಎಂಬ ತಿಂಡಿಗಳ ಜೊತೆ ಯುನೆಸ್ಕೊದ ಪರಂಪರೆ ಪಟ್ಟಿಯವರೆಗೂ ಹೋದ ಪಾನೀಯವಿದು. ಮಾಮಾಕ್ ಎಂದು ಕರೆಯುವ ಈ ಅಂಗಡಿಗಳಲ್ಲಿ ‘ಕುರಾಂಗ್ ಮಾನಿಸ್’ ಎಂದರೆ ಸಿಹಿ ಕಡಿಮೆ ಮಾಡಿಕೊಡುತ್ತಾರೆ. ಆದರೆ ನನಗೆ ಸಿಹಿ ಇಳಿದರೂ ನೊರೆ ಇಳಿಯಬಾರದು. ಕಷ್ಟವೆಲ್ಲ ಇಲ್ಲೇ.

ಮೊದಲ ವಾರ ಡಬ್ಬಿಯನ್ನು ಪೂರ್ತಿ ಬಿಟ್ಟು ಕೆನೆ ತೆಗೆದ ಹಾಲು ಹಾಕಿದೆ. ನೊರೆಯೇನೋ ಭರ್ತಿ ಎದ್ದಿತು, ಗುಳ್ಳೆಗಳು ಮಾತ್ರ ಕಡಲೆಕಾಳಿನ ಗಾತ್ರದವು. ಲೋಟವನ್ನು ಮೇಜಿಗೆ ತರುವಷ್ಟರಲ್ಲಿ ಅರ್ಧ ಒಡೆದುಹೋಗಿದ್ದವು. ಚಹಾ ಬಾಯಿಗೆ ನೀರು ನೀರು, ಜೊತೆಗೆ ನಾಲಿಗೆ ಹಿಡಿಯುವ ಒಗರು. ಎರಡನೇ ವಾರ ಸಕ್ಕರೆಯ ಬದಲಿಗೆ ಸಿಹಿ ಗುಳಿಗೆ ಹಾಕಿ ನೋಡಿದೆ. ಸಿಹಿ ಬಂತು, ಮಂದ ಬರಲಿಲ್ಲ. ಬ್ಲೆಂಡರ್‌ನಲ್ಲಿ ತಿರುಗಿಸಿದರೆ ಬಂದದ್ದು ಸಾಬೂನಿನ ನೊರೆಯಂಥದ್ದು. ಅದರ ಸುದ್ದಿ ಇಷ್ಟು ಸಾಕು.

ಕಾರಣ ಹುಡುಕುತ್ತಾ ಹೋದಾಗ ವಿಷಯ ಬಿಡಿಸಿಕೊಂಡಿತು. ನೊರೆಯನ್ನು ಎಬ್ಬಿಸಿ ಹಿಡಿಯುವುದು ಹಾಲಿನ ಪ್ರೋಟೀನ್. ಕೊಬ್ಬು ನೊರೆಗೆ ಬೇಕಾಗಿಲ್ಲ, ಎಷ್ಟೋ ಸಲ ಅಡ್ಡಿಯೇ. ಸಕ್ಕರೆ ಮಾಡುವ ಕೆಲಸ ಬೇರೆ: ಅದು ಚಹಾವನ್ನು ಮಂದಗೊಳಿಸುತ್ತದೆ, ಆಗ ಗುಳ್ಳೆಗಳ ನಡುವಿನ ನೀರು ನಿಧಾನವಾಗಿ ಇಳಿಯುತ್ತದೆ, ನೊರೆ ಸಣ್ಣ ಗುಳ್ಳೆಗಳಾಗಿ ನಿಲ್ಲುತ್ತದೆ. ನಾನು ಸಕ್ಕರೆಯನ್ನು ತೆಗೆದದ್ದೇ ಮಂದವೂ ಅದರೊಂದಿಗೆ ಹೋಗಿತ್ತು. ಅದನ್ನು ಬೇರೆ ದಾರಿಯಿಂದ ಮರಳಿ ತರಬೇಕಿತ್ತು. ಒಗರಿನ ಲೆಕ್ಕವೂ ಇದಕ್ಕೆ ಹೊಂದಿಕೊಂಡಿದೆ. ಹಾಲಿನ ಪ್ರೋಟೀನ್ ಚಹಾದಲ್ಲಿ ಒಗರು ತರುವ ಟ್ಯಾನಿನ್ ಅನ್ನು ಕಟ್ಟಿಹಾಕುತ್ತದೆ. ಅದು ಕಡಿಮೆಯಾದರೆ ಒಗರು ಎದ್ದು ಕಾಣುತ್ತದೆ.

ಮೂರನೇ ವಾರದಿಂದ ಹಾಲನ್ನು ಬತ್ತಿಸಲು ಶುರು ಮಾಡಿದೆ. ಕಡಿಮೆ ಕೊಬ್ಬಿನ ಹಾಲು 300 ಮಿಲಿಲೀಟರ್, ದಪ್ಪ ತಳದ ಪಾತ್ರೆ, ಸಣ್ಣ ಉರಿ. ಕೈ ಬಿಡದೆ ಕಲಕಬೇಕು, ಇಲ್ಲವಾದರೆ ಕೆನೆ ಕಟ್ಟಿ ಅದರ ಚೂರುಗಳು ಸೋಸುವಾಗ ಕಾಟ ಕೊಡುತ್ತವೆ. ಇಪ್ಪತ್ತೈದು ನಿಮಿಷ ಕಳೆದು ಹಾಲು ಅರ್ಧವಾಗುವ ಹೊತ್ತಿಗೆ ಬಣ್ಣ ಬಿಳಿಯಿಂದ ದಂತದ ಬಣ್ಣಕ್ಕೆ ತಿರುಗುತ್ತದೆ, ಕಾಯಿಸಿದ ಹಾಲಿನ ಆ ಸಿಹಿ ವಾಸನೆ ಅಡುಗೆಮನೆ ತುಂಬುತ್ತದೆ. ಡಬ್ಬಿಯಲ್ಲಿ ನನಗೆ ಇಷ್ಟವಾಗಿದ್ದದ್ದು ಸಕ್ಕರೆಗಿಂತ ಈ ವಾಸನೆಯೇ ಎಂದು ಅವತ್ತು ತಿಳಿಯಿತು. ಬತ್ತಿದ ಹಾಲಿಗೆ ಒಂದು ಚಮಚ ಕೆನೆರಹಿತ ಹಾಲಿನ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕದಡಿ ಸೇರಿಸುತ್ತೇನೆ. ಪುಡಿಯನ್ನು ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ.

ಚಹಾಪುಡಿ ಇಲ್ಲಿನ ಚಹಾ ಬೆಳೆಯುವ ಗುಡ್ಡನಾಡು ಕ್ಯಾಮರಾನ್ ಹೈಲ್ಯಾಂಡ್ಸ್‌ನದು, ನುಣ್ಣನೆಯ ಡಸ್ಟ್. ಎಲೆ ಚಹಾದಿಂದ ಈ ಕಡು ಬಣ್ಣ ಬರುವುದಿಲ್ಲ. ಎರಡು ಲೋಟಕ್ಕೆ 12 ಗ್ರಾಂ, 300 ಮಿಲಿಲೀಟರ್ ನೀರು. ಮೊದಲು ಎಂಟು ನಿಮಿಷ ಬಿಡುತ್ತಿದ್ದೆ, ಈಗ ನಾಲ್ಕಕ್ಕೆ ಸೋಸುತ್ತೇನೆ. ಸಿಹಿ ಕಡಿಮೆಯಾದ ಮೇಲೆ ಅಷ್ಟು ಕಹಿಯನ್ನು ಮುಚ್ಚಲು ಏನೂ ಉಳಿದಿರುವುದಿಲ್ಲ.

ಉಳಿದದ್ದು ಎಳೆಯುವುದು. ತಾರಿಕ್ ಎಂದರೆ ಎಳೆಯುವುದೇ. ಲೋಟದಿಂದ ಲೋಟಕ್ಕೆ ಕಾಫಿ ಎತ್ತಿ ಹೊಯ್ದು ರೂಢಿಯಿದ್ದ ಕೈ ನನ್ನದು, ಆದರೂ ನಾಲ್ಕನೇ ವಾರವೆಲ್ಲ ಒಲೆಯ ಕಟ್ಟೆ ಒರೆಸುವುದರಲ್ಲೇ ಕಳೆಯಿತು. ಒಂದು ಸಂಜೆ ಮಾಮಾಕ್ ಅಂಗಡಿಯಲ್ಲಿ ಚಹಾ ಎಳೆಯುವವರ ಎದುರೇ ನಿಂತು ನೋಡಿದೆ. “ಅಣ್ಣ, ನನ್ನದು ಏಕೆ ಚೆಲ್ಲುತ್ತದೆ?” ಎಂದು ಕೇಳಿದೆ. “ಮೊದಲೇ ಕೈ ಎತ್ತಬೇಡಿ. ಹತ್ತಿರ ಹಿಡಿದು ಸುರಿಯಲು ಶುರು ಮಾಡಿ, ಧಾರೆ ಕೂಡಿಕೊಂಡ ಮೇಲೆ ಮೇಲೆತ್ತಿ, ಮುಗಿಯುವ ಮೊದಲೇ ಕೆಳಗೆ ತನ್ನಿ” ಎಂದರು. ಜೊತೆಗೆ ಅವರ ಕೈಯನ್ನು ನೋಡಿ ಇನ್ನೊಂದು ಕಲಿತೆ: ಖಾಲಿ ಮಗ್ಗನ್ನು ಅವರು ಬಿಸಿನೀರಿನಲ್ಲಿ ಜಾಲಿಸಿಯೇ ಬಳಸುತ್ತಾರೆ.

ಐದನೇ ವಾರ ಲೀಟರ್ ಹಿಡಿಯುವ ಎರಡು ಸ್ಟೀಲ್ ಮಗ್ಗು ಕೊಂಡೆ. ಒಂದೇ ಲೋಟದಷ್ಟು ಚಹಾ ಇದ್ದರೆ ಧಾರೆ ಬೇಗ ಮುಗಿದು ನೊರೆ ಏಳುವುದಿಲ್ಲ. ಎರಡು ಲೋಟದಷ್ಟನ್ನು ಒಟ್ಟಿಗೆ ಎಳೆದರೆ ಎಂಟನೇ ಸಲಕ್ಕೆ ಸದ್ದೇ ಬದಲಾಗುತ್ತದೆ. ಮೊದಲು ಸುರಿಯುವಾಗ ಕೇಳುವ ಚಟಪಟ ಸದ್ದು ಮೆತ್ತಗಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಇನ್ನೂ ಎಳೆದರೆ ಚಹಾ ಆರುತ್ತದೆ.

ಈ ವಾರದ ಅಳತೆಯಲ್ಲಿ ಲೋಟಕ್ಕೆ ಡಬ್ಬಿಯದು ಒಂದೇ ಟೀ ಚಮಚ, ಸುಮಾರು 7 ಗ್ರಾಂ. ಅದನ್ನೂ ಬಿಟ್ಟು ನೋಡಿದ್ದೆ, ಮನಸ್ಸು ಒಪ್ಪಲಿಲ್ಲ. ಹಗುರವಾಗಬೇಕು ನಿಜ, ಆದರೆ ತೇ ತಾರಿಕ್ ಆಗಿಯೇ ಉಳಿಯಬೇಕು. ನಿನ್ನೆಯ ಲೋಟದಲ್ಲಿ ಬೆರಳಿನಷ್ಟು ದಪ್ಪ ನೊರೆ ಆರು ನಿಮಿಷ ನಿಂತಿತು, ಕುಡಿದಂತೆಲ್ಲ ಗಾಜಿನ ಒಳಗೆ ಕಂದು ಉಂಗುರಗಳು ಉಳಿದವು. ಅಂಗಡಿಯದು ಹತ್ತು ನಿಮಿಷ ನಿಲ್ಲುತ್ತದೆ. ಶನಿವಾರ ಹಾಲಿನ ಪುಡಿಯನ್ನು ಒಂದೂವರೆ ಚಮಚಕ್ಕೆ ಏರಿಸಿ ನೋಡುತ್ತೇನೆ.