ಮಲ್ಲಿ ಒದ್ದ ಭಾನುವಾರ

ಒಣ ಮರಕ್ಕೆ ದೊಣ್ಣೆಯಿಂದ ಬಾರಿಸಿದ ಹಾಗೆ ಒಂದು ಸದ್ದು. ಅಷ್ಟೇ. ಕೆನೆತ ಇಲ್ಲ, ಗಲಾಟೆ ಇಲ್ಲ. ನಾನು ಆಗಷ್ಟೇ ಬೈಕಿಗೆ ಸ್ಟ್ಯಾಂಡ್ ಹಾಕುತ್ತಿದ್ದೆ. ಬೇಲಿಯ ಆಚೆ ನೋಡಿದರೆ ನನ್ನ ಮಲ್ಲಿ ಟಬ್ಬಿಗೆ ಮೂತಿ ಹಾಕಿ ನೆನೆಸಿದ ಹುರುಳಿ ತಿನ್ನುತ್ತಿದ್ದಳು. ಹತ್ತು ಹೆಜ್ಜೆ ಆಚೆ ರಾಜ ಮೂರು ಕಾಲಿನ ಮೇಲೆ ನಿಂತಿದ್ದ. ಎಡಗಡೆಯ ಹಿಂಗಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ ನೇತಾಡುತ್ತಿತ್ತು.

ರಾಜ ನನ್ನ ಕುದುರೆ ಅಲ್ಲ.

ಜಾಗ ಹೇಳಿಬಿಡುತ್ತೇನೆ. ಹೊಸೂರಿನಿಂದ ಮತ್ತಿಗಿರಿ ದಾಟಿ ಡೆಂಕಣಿಕೋಟೆ ಕಡೆ ಹೋಗುವಾಗ, ಗುಲಾಬಿ ಬೆಳೆಯುವ ಪಾಲಿಹೌಸ್‌ಗಳ ಹಿಂದೆ ಗೌಡ್ರ ತೋಟ ಇದೆ. ಹಳೇ ದನದ ಕೊಟ್ಟಿಗೆಯನ್ನೇ ಲಾಯ ಮಾಡಿ ತಿಂಗಳ ಬಾಡಿಗೆಗೆ ಕೊಟ್ಟಿದ್ದಾರೆ. ಮುಂದೆ ಅರ್ಧ ಎಕರೆ ಬೇಲಿ ಹಾಕಿದ ಬಯಲು. ಕುದುರೆ ನಮ್ಮ ಕಡೆಗೆ ಹೊಸದೇನಲ್ಲ. ಮತ್ತಿಗಿರಿಯ ಸರ್ಕಾರಿ ದನದ ಫಾರಂ ಗೊತ್ತಲ್ಲ, ಅದು 1824ರಲ್ಲಿ ಶುರುವಾದದ್ದೇ ಸೈನ್ಯಕ್ಕೆ ಕುದುರೆ ಬೆಳೆಸೋದಕ್ಕೆ. ಈಗ ಅಲ್ಲಿ ದನಗಳದ್ದೇ ಹೆಸರು.

ನಾನು ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುವವನು. ಚಿಕ್ಕಂದಿನಿಂದ ಕುದುರೆ ಹುಚ್ಚು. ತಮಿಳರ ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಸುಮಾರಿಗೆ, ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಹೋಗಿ ಮಲ್ಲಿಯನ್ನು ತಂದೆ. ಮಾರ್ವಾರಿ ಹೆಣ್ಣು, ಕಿವಿ ತುದಿ ಎರಡೂ ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ಟುತ್ತವೆ. ಎಷ್ಟು ಕೊಟ್ಟೆ ಅನ್ನೋದು ಬೇಡ, ಮನೆಯಲ್ಲೂ ಇದನ್ನು ಓದುತ್ತಾರೆ. ಸುಳಿ ನೋಡಿದೆ, ಹಲ್ಲು ನೋಡಿದೆ, ನಡೆಸಿ ನೋಡಿದೆ. ಹಗ್ಗ ಕೈಗೆ ಕೊಡುವಾಗ ಮಾರಿದವನು ಒಂದು ಮಾತು ಹೇಳಿದ. "ಮೇವಿನ ಹತ್ರ ಮಾತ್ರ ಸ್ವಲ್ಪ ಜೋರು. ಪಕ್ಕದಲ್ಲಿ ಇನ್ನೊಂದು ಕಟ್ಟಬೇಡಿ." ನಾನು ತಲೆ ಆಡಿಸಿದೆ. ಆ ಹೊತ್ತಿನಲ್ಲಿ ಅವನು ಏನು ಹೇಳಿದ್ದರೂ ಆಡಿಸುತ್ತಿದ್ದೆ.

ರಾಜನ ಯಜಮಾನ ತಳಿ ಅನ್ನೋ ಊರಿನ ಕಡೆಯ ಹುಡುಗ. ಮದುವೆ ಮೆರವಣಿಗೆಗೆ ಕುದುರೆ ಬಿಡುವುದು ಅವನ ಕಸುಬು. ರಾಜ ಬಿಳಿ ಗಂಡು, ಬೀಜ ಒಡೆಸಿದ್ದು. ಕಿವಿ ಪಕ್ಕದಲ್ಲೇ ತಮಟೆ ಹೊಡೆದರೂ, ಪಟಾಕಿ ಸಿಡಿದರೂ ಅಲ್ಲಾಡಲ್ಲ. ಆಡಿಯಲ್ಲಿ ಮದುವೆ ಇಲ್ಲ, ಹಾಗಾಗಿ ಹುಡುಗನ ಕೈಯಲ್ಲಿ ಕಾಸೂ ಇರಲ್ಲ. ಮುಂದಿನ ತಿಂಗಳು ಆವಣಿ ಹುಟ್ಟಿದ ಮೇಲೆ ಮುಹೂರ್ತದ ಮೇಲೆ ಮುಹೂರ್ತ. ನನಗೆ ಕುದುರೆ ಶೋಕಿ, ಅವನಿಗೆ ಅನ್ನ. ಮಲ್ಲಿ ಒದ್ದದ್ದು ಆವಣಿಯ ಎರಡನೇ ಭಾನುವಾರ.

ಆದದ್ದು ಇಷ್ಟು. ಮೇವು ಹಾಕುವ ಪುಟ್ಟ ಹುಡುಗ ಎರಡು ಟಬ್ ತರೋದು ಯಾಕೆ ಅಂತ ಒಂದೇ ದೊಡ್ಡ ಟಬ್ಬಿನಲ್ಲಿ ಹುರುಳಿ, ಬೂಸಾ ಕಲಸಿ ಗೇಟಿನ ಮೂಲೆಯಲ್ಲಿಟ್ಟಿದ್ದಾನೆ. ಎರಡೂ ಕುದುರೆ ಬಯಲಲ್ಲಿ ಬಿಚ್ಚಿಕೊಂಡಿದ್ದವು. ರಾಜ ಬಂದಿದ್ದಾನೆ. ಮಲ್ಲಿ ಕಿವಿ ಹಿಂದಕ್ಕೆ ಮಡಚಿ, ತಿರುಗಿ, ಹಿಂದಿನ ಎರಡೂ ಕಾಲು ಎತ್ತಿದ್ದಾಳೆ. ಮೂಲೆಯಾದ್ದರಿಂದ ರಾಜನಿಗೆ ಪಕ್ಕಕ್ಕೆ ಸರಿಯೋಕೆ ಜಾಗ ಇರಲಿಲ್ಲ. ಇನ್ನೊಂದು ಹೇಳಬೇಕು. ಮೂರು ದಿನದ ಹಿಂದೆ ನಾನೇ ಮುಂದೆ ನಿಂತು ಅವಳ ನಾಲ್ಕೂ ಕಾಲಿಗೆ ಹೊಸ ಲಾಳ ಹೊಡೆಸಿದ್ದೆ. ಹೊಸ ಕುದುರೆಯನ್ನು ಇನ್ನೊಂದರ ಜೊತೆ ಬಿಡುವಾಗ ಹಿಂಗಾಲಿನ ಲಾಳ ತೆಗೆಸಬೇಕು. ಮೊದಲು ಕೆಲವು ದಿನ ಬೇಲಿಯ ಆಚೆ ಈಚೆ ಇಟ್ಟು, ಒಂದರ ಮುಖ ಒಂದಕ್ಕೆ ಪರಿಚಯ ಆಗಬೇಕು. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಗಾಯ ನೋಡಿದರೆ ಚಿಕ್ಕದು. ಹಿಂಗಾಲಿನ ಒಳಭಾಗ, ಮಂಡಿಯ ಹಾಗೆ ಹಿಂದಕ್ಕೆ ಚಾಚಿರುವ ಆ ದೊಡ್ಡ ಗಿಣ್ಣಿನಿಂದ ಸ್ವಲ್ಪ ಮೇಲೆ, ಎರಡು ಬೆರಳಗಲ ಸೀಳಿತ್ತು. ರಕ್ತವೂ ಜಾಸ್ತಿ ಇಲ್ಲ. ಗೌಡ್ರು ಒಳಗಿಂದ ಅರಿಶಿನದ ಡಬ್ಬಿ ತಂದರು. "ಏನಾಗಲ್ಲ ಬಿಡಿ, ಒಂದು ಸುತ್ತು ನಡೆಸಿದ್ರೆ ಸರಿಹೋಗುತ್ತೆ" ಅಂದರು.

"ನಡೆಸಬೇಡಿ!" ಅಂತ ಕೂಗಿದ್ದು ತಾತ. ಈ ತಾತ ಹಿಂದೆ ಬೆಂಗಳೂರಿನ ರೇಸ್ ಕುದುರೆಗಳ ಲಾಯದಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದವರು, ಈಗ ತೋಟ ಕಾಯುತ್ತಾರೆ. ರಾಜನ ದವಡೆ ಕೆಳಗೆ ಬೆರಳಿಟ್ಟು ನಾಡಿ ಎಣಿಸಿದರು. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರಬೇಕು. ರಾಜನದು 64. "ನೋವು ಒಳಗಿದೆ" ಅಂದರು. ಅರಿಶಿನದ ಡಬ್ಬಿ ವಾಪಸ್ ಹೋಯಿತು.

ಹುಡುಗನಿಗೆ ಫೋನ್ ಮಾಡಿದ್ದು ನಾನಲ್ಲ, ಗೌಡ್ರು. ನಾನು ಡಾಕ್ಟರಿಗೆ ಮಾಡುತ್ತಾ ಇದ್ದೆ ಅಂತ ನೆಪ ಇತ್ತು.

ಹೊಸೂರಿನಲ್ಲಿ ದನಕ್ಕೆ, ಕೋಳಿಗೆ ಡಾಕ್ಟರ್ ಸುಲಭವಾಗಿ ಸಿಗುತ್ತಾರೆ. ಕುದುರೆಯದೇ ಅಭ್ಯಾಸ ಇರುವವರು ಬೇಕೆಂದರೆ ಬೆಂಗಳೂರಿನಿಂದ ಬರಬೇಕು. ಡಾಕ್ಟರ್ ಫೋನಿನಲ್ಲೇ ಎರಡು ಮಾತು ಹೇಳಿದರು. ಇದ್ದ ಜಾಗದಿಂದ ಕದಲಿಸಬೇಡಿ, ಮಲಗೋಕೆ ಬಿಡಬೇಡಿ. ಯಾಕೆ ಅಂತ ಬಂದ ಮೇಲೆ ಬಿಡಿಸಿ ಹೇಳಿದರು. ಆ ಜಾಗದಲ್ಲಿ ಮೂಳೆ ಮೇಲೆ ಮಾಂಸವೇ ಇಲ್ಲ, ಬರೀ ಚರ್ಮ. ಲಾಳದ ಏಟು ನೇರ ಮೂಳೆಗೆ ಬೀಳುತ್ತೆ. ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ಕುದುರೆ ನಿಂತೇ ಇರುತ್ತೆ. ಮಲಗಿ ಏಳುವಾಗ ಇಡೀ ಭಾರ ಹಿಂಗಾಲಿನ ಮೇಲೆ ಬಿದ್ದಾಗ ಆ ಬಿರುಕು ಪೂರ್ತಿ ಮುರಿತ ಆಗುತ್ತೆ. ಅಲ್ಲಿ ಮೂಳೆ ಪೂರ್ತಿ ಮುರಿದರೆ ದೊಡ್ಡ ಕುದುರೆಯನ್ನು ಉಳಿಸಿಕೊಳ್ಳೋದು ಕಷ್ಟ. ಅವರು ಅದನ್ನು ಹೇಳುವಾಗ ಹುಡುಗ ರಾಜನ ಕತ್ತು ತಬ್ಬಿ ನಿಂತಿದ್ದ. ನಾನು ಗುಲಾಬಿ ಪಾಲಿಹೌಸ್ ನೋಡುತ್ತಿದ್ದೆ.

ಕೈಯಲ್ಲಿ ಹಿಡಿಯುವ ಮೆಷಿನ್ನಿನಿಂದ ನಾಲ್ಕು ದಿಕ್ಕಿನಿಂದ ಎಕ್ಸ್‌ರೇ ತೆಗೆದರು. ಬಿರುಕು ಕಾಣಲಿಲ್ಲ. ನಾವು ಉಸಿರು ಬಿಡುವಷ್ಟರಲ್ಲಿ, "ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ, ಸಣ್ಣ ಬಿರುಕು ಏಳೆಂಟು ದಿನ ಆದ ಮೇಲೇ ಫಿಲ್ಮಿಗೆ ಬರೋದುಂಟು" ಅಂದರು. ಆಮೇಲೆ ಅವರು ಮಾಡಿದ್ದನ್ನು ನಾನು ಯಾವತ್ತೂ ಮರೆಯಲ್ಲ. ಗಾಯ ಕೀಲಿನ ಒಳಕ್ಕೆ ಹೋಗಿದೆಯೋ ಇಲ್ಲವೋ ತಿಳಿಯಬೇಕಿತ್ತು. ಒಳಕ್ಕೆ ಹೋಗಿದ್ದರೆ ಕೀಲಿನಲ್ಲಿ ಕೀವು ಕಟ್ಟುತ್ತೆ, ಗಂಟೆಗಳ ಲೆಕ್ಕದಲ್ಲಿ ತೊಳೆಯಬೇಕು. ಗಾಯದಿಂದ ದೂರ, ಚೆನ್ನಾಗಿರುವ ಚರ್ಮದ ಕಡೆಯಿಂದ ಸೂಜಿ ಚುಚ್ಚಿ ಕೀಲಿನೊಳಗೆ ಸಲೈನ್ ತುಂಬಿದರು. ಗಾಯದಿಂದ ನೀರು ಜಿನುಗಿದರೆ ಕೀಲು ಒಡೆದಿದೆ ಅಂತ ಅರ್ಥ. ನಾವು ನಾಲ್ಕು ಜನ ಬಗ್ಗಿ ಆ ಎರಡು ಬೆರಳಗಲದ ಸೀಳನ್ನೇ ನೋಡಿದೆವು. ಜಿನುಗಲಿಲ್ಲ. ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟರು. ಕುದುರೆಗೆ ಅದು ಬೇಗ ಹಿಡಿಯುತ್ತಂತೆ. ಹತ್ತು ದಿನ ಮಲಗದ ಹಾಗೆ ಎರಡೂ ಕಡೆ ಹಗ್ಗ ಕಟ್ಟಿ ನಿಲ್ಲಿಸಿ ಅಂದರು. ಕುದುರೆ ನಿಂತೇ ತೂಕಡಿಸುತ್ತೆ, ನಿಜ. ಆದರೆ ಗಾಢ ನಿದ್ದೆ ಬೇಕೆಂದರೆ ಅದೂ ಮಲಗಲೇಬೇಕು. ಹತ್ತು ದಿನ ರಾಜನಿಗೆ ಆ ನಿದ್ದೆ ಇಲ್ಲ.

ಆ ಹೊತ್ತಿಗೆ ಬಿಲ್ 14,500. ಯಾರು ಕೊಡೋದು ಅನ್ನೋ ಮಾತು ಅಲ್ಲೇ, ರಾಜನ ಮುಂದೆಯೇ ಎದ್ದಿತು.

"ಮೂಕ ಪ್ರಾಣಿ, ಅದಕ್ಕೇನು ಗೊತ್ತಾಗುತ್ತೆ" ಅಂದರು ಗೌಡ್ರು. ಹಾಲು ಕೊಡುವ ಹಸು ಒದ್ದರೂ ಸಹಿಸಬೇಕು ಅನ್ನೋ ಧಾಟಿ. ಕುದುರೆ ಹಾಲೂ ಕೊಡಲ್ಲ. ನಾನು ಒಂದೇ ಟಬ್ ಇಟ್ಟ ಪುಟ್ಟ ಹುಡುಗನ ಮೇಲೆ ಹಾಕಿದೆ. ಅವನು ಅಳೋಕೆ ಶುರುಮಾಡಿದ. ತಳಿ ಹುಡುಗ ಮಾತ್ರ ಜೇಬಿನಿಂದ ಡೈರಿ ತೆಗೆದು, "ಅಣ್ಣ, ನಾಲ್ಕು ಮದುವೆ ಒಪ್ಪಿಕೊಂಡಿದೀನಿ. ಅಡ್ವಾನ್ಸೂ ತಗೊಂಡಿದೀನಿ" ಅಂದ. ಗೌಡ್ರಿಗೆ ಒಂದು ಉಪಾಯ ಹೊಳೆಯಿತು. "ಮಲ್ಲೀನೇ ಕಳಿಸಿದ್ರೆ ಹೆಂಗೆ?" ತಾತ ಬೀಡಿ ಆರಿಸಿ, "ಕಳಿಸಿ, ಮದುಮಗನಿಗೂ ಎಕ್ಸ್‌ರೇ ತೆಗೆಸೋಣ" ಅಂದರು. ಯಾರೂ ನಗಲಿಲ್ಲ. ಈಗ ನೆನೆದರೆ ನಗು ಬರುತ್ತೆ.

ಸಂಜೆ ನಮ್ಮ ಭಾವನಿಗೆ ಫೋನ್ ಮಾಡಿದೆ. ಅವರು ವಕೀಲರು. ಕಾನೂನು ನನ್ನ ಕಡೆ ಇರಬಹುದು ಅನ್ನೋ ಆಸೆ. ಮೊದಲಿಗೆ ಹಾಗೇ ಕಾಣಿಸಿತು. ಸಾಕಿದ ಪ್ರಾಣಿಯನ್ನು ಅಜಾಗರೂಕತೆಯಿಂದ ಬಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ, ಹಳೇ ಐಪಿಸಿಯಲ್ಲಿ 289. ಆರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಆದರೆ ಅದು ಮನುಷ್ಯರ ಜೀವಕ್ಕೋ ಮೈಗೋ ಅಪಾಯ ಇದ್ದಾಗ. ಕುದುರೆ ಕುದುರೆಯನ್ನು ಒದ್ದರೆ ಅದು ಬರಲ್ಲ. "ಹಾಗಾದ್ರೆ ನಾನು ಪಾರು" ಅಂದೆ.

"ಪಾರು ಅಂತ ಯಾರಂದ್ರು? ಸಿವಿಲ್ ಕೇಸ್ ಹಾಕಬಹುದು" ಅಂದರು ಭಾವ. ಗೌಡ್ರು ಬಾಡಿಗೆ ತಗೊಂಡು ಕುದುರೆ ಇಟ್ಟುಕೊಂಡವರು. 1872ರ ಕರಾರು ಕಾಯ್ದೆಯ 151ನೇ ಸೆಕ್ಷನ್ ಪ್ರಕಾರ, ತಮ್ಮದೇ ಆಗಿದ್ದರೆ ಬುದ್ಧಿ ಇರುವ ಮನುಷ್ಯ ಎಷ್ಟು ಜೋಪಾನ ಮಾಡುತ್ತಿದ್ದನೋ ಅಷ್ಟು ಜೋಪಾನ ಅವರು ಮಾಡಬೇಕು. ಮೇವಿನ ಹುಡುಗ ಮಾಡಿದ್ದೂ ಅವರ ಲೆಕ್ಕಕ್ಕೇ. ಇನ್ನು ನನ್ನದು. ಹುಲಿ ಸಾಕಿದವನಾದರೆ ಕಾನೂನು ಏನೂ ಕೇಳದೆ ಅವನನ್ನೇ ಹೊಣೆ ಮಾಡುತ್ತೆ, ಹುಲಿ ಹುಲಿಯೇ. ಕುದುರೆ, ದನದಂಥ ಸಾಧು ಪ್ರಾಣಿಯಾದರೆ ಒಂದು ಪ್ರಶ್ನೆ ಕೇಳುತ್ತೆ. ಅದಕ್ಕೆ ಈ ಕೆಟ್ಟ ಚಾಳಿ ಇದೆ ಅಂತ ಯಜಮಾನನಿಗೆ ಮೊದಲೇ ಗೊತ್ತಿತ್ತಾ?

"ನಿಂಗೆ ಗೊತ್ತಿತ್ತೇನೋ?" ಅಂದರು ಭಾವ.

ನೆಟ್‌ವರ್ಕ್ ಸರಿ ಇಲ್ಲ ಅಂತ ಹೇಳಿ ಫೋನ್ ಇಟ್ಟೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ನನ್ನ ಪರವಾಗಿ ಸಿಟ್ಟಾದಳು. "ಆ ಅಂದಿಯೂರಿನವನನ್ನ ಹಿಡೀರಿ. ಒದೆಯೋ ಕುದುರೆನ ಹೇಳದೆ ಮಾರಿದಾನೆ."

"ಅವನು ಹೇಳಿದ್ದ."

ಅವಳು ಸಾರಿನ ಸೌಟು ಪಾತ್ರೆಗೆ ಬಿಟ್ಟಳು. "ಮತ್ತೆ ನೀವು ಯಾರಿಗೆ ಹೇಳಿದ್ರಿ?"

ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಗೌಡ್ರು ಜಾಗ ಕೊಡುತ್ತಿರಲಿಲ್ಲವೇನೋ ಅನ್ನೋ ಭಯ ಒಂದು. ತಂದ ಹೊಸದರಲ್ಲಿ ನನ್ನ ಕುದುರೆಗೆ ನಾನೇ ಕೆಟ್ಟ ಹೆಸರು ತರೋದು ಯಾಕೆ ಅನ್ನೋದು ಇನ್ನೊಂದು. ಈ ಎರಡನೆಯದೇ ಜಾಸ್ತಿ ಇತ್ತು ಅಂತ ಈಗ ಅನಿಸುತ್ತೆ. ತಂದ ನಾಲ್ಕನೇ ದಿನ ಬಕೆಟ್ ಹತ್ತಿರ ಬಂದ ತಾತನ ಕಡೆಗೂ ಅವಳು ಕಾಲು ಎತ್ತಿದ್ದಳು, ತಾಗಿರಲಿಲ್ಲ. "ನೊಣ ಕಚ್ಚಿರಬೇಕು" ಅಂದಿದ್ದೆ. ತಾತ ನನ್ನ ಮುಖ ನೋಡಿ ಸುಮ್ನಾಗಿದ್ದರು.

ಮಾರನೇ ದಿನ ಡ್ಯೂಟಿಗೆ ಹೋಗುವ ಮೊದಲು ತೋಟಕ್ಕೆ ಹೋದೆ. ಹುಡುಗ ಲಾಯದಲ್ಲೇ ಗೋಣಿಚೀಲ ಹಾಸಿಕೊಂಡು ರಾತ್ರಿ ಕಳೆದಿದ್ದ. ಹೇಳಿಬಿಟ್ಟೆ. ಮಾರಿದವನ ಮಾತು, ತಾತನ ಬಕೆಟ್, ಎಲ್ಲ. ಅವನು ಬಯ್ಯುತ್ತಾನೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. "ಒಂದು ಮಾತು ಹೇಳಿದ್ರೆ ನಾನು ರಾಜನ್ನ ಬೇರೆ ಹೊತ್ತಲ್ಲಿ ಬಿಡ್ತಿದ್ದೆ ಸಾರ್" ಅಂದ. ಅಲ್ಲಿವರೆಗೆ ಅವನು ನನ್ನನ್ನು ಅಣ್ಣ ಅಂತಿದ್ದ.

ಲೆಕ್ಕ ತೀರಿದ್ದು ಹೀಗೆ. ಡಾಕ್ಟರ್, ಔಷಧಿ, ಎರಡನೇ ಎಕ್ಸ್‌ರೇ, ಎಲ್ಲ ನಂದು. ನಾಲ್ಕು ಮದುವೆಗೆ ಅವನು ಕೃಷ್ಣಗಿರಿಯಿಂದ ಬೇರೆ ಕುದುರೆ ಬಾಡಿಗೆಗೆ ತಂದ. ಅದರ ಬಾಡಿಗೆಯಲ್ಲಿ ಮುಕ್ಕಾಲು ನಾನು, ಕಾಲು ಗೌಡ್ರು. ಗೌಡ್ರು ಮೊದಲು ಒಪ್ಪಲಿಲ್ಲ. 151ನೇ ಸೆಕ್ಷನ್ ಅಂತ ನಾನು ಬಾಯಿ ತೆಗೆದ ಕೂಡಲೇ, "ಅಯ್ಯೋ, ಕೋರ್ಟ್ ಮಾತು ಯಾಕೆ" ಅಂತ ಒಪ್ಪಿದರು. ಬಯಲಿನ ನಡುವೆ ಇನ್ನೊಂದು ಬೇಲಿಯೂ ಬಂತು. ಮಲ್ಲಿಯ ಹಿಂಗಾಲಿನ ಲಾಳ ಅದೇ ವಾರ ಬಿಚ್ಚಿಸಿದೆ.

ಹತ್ತನೇ ದಿನದ ಎಕ್ಸ್‌ರೇಯಲ್ಲೂ ಬಿರುಕು ಇರಲಿಲ್ಲ. ಹಗ್ಗ ಬಿಚ್ಚಿದ ಹತ್ತು ನಿಮಿಷಕ್ಕೆ ರಾಜ ಮರಳಿನ ಮೇಲೆ ಬಿದ್ದು ಕಾಲು ಚಾಚಿ ಮಲಗಿದ. ಗೊರಕೆ ಹೊಡೆದ. ಕುದುರೆ ಗೊರಕೆ ಹೊಡೆಯೋದನ್ನು ನಾನು ಕೇಳಿದ್ದು ಅದೇ ಮೊದಲು. ಗಾಯದಲ್ಲಿ ಸ್ವಲ್ಪ ದುರ್ಮಾಂಸ ಬೆಳೆದು ಒಂದು ತಿಂಗಳು ಕಾಡಿತು. ಈಗ ಬಿಳಿ ಕೂದಲಿನ ನಡುವೆ ಬೋಳು ಕಲೆ ಇದೆ. ಮದುವೆಯ ದಿನ ಹುಡುಗ ಅದರ ಮೇಲೆ ಜರಿ ಬಟ್ಟೆ ಇಳಿಬಿಡುತ್ತಾನೆ. ನನ್ನನ್ನು ಈಗಲೂ ಸಾರ್ ಅಂತಲೇ ಕರೆಯುತ್ತಾನೆ.

ಹೋದ ವಾರ ಬಾಗಲೂರು ಕಡೆಯವರೊಬ್ಬರು ತಮ್ಮ ಕುದುರೆಗೆ ಜಾಗ ನೋಡೋಕೆ ಬಂದಿದ್ದರು. ಗೌಡ್ರು ನೀರಿನ ತೊಟ್ಟಿ, ನೆರಳು, ಹೊಸ ಬೇಲಿ ಎಲ್ಲ ತೋರಿಸುತ್ತಾ ಬಂದರು. ಮಲ್ಲಿಯ ಮುಂದೆ ನಿಂತು, "ಈ ಹೆಣ್ಣು ನೋಡಿ, ಎಷ್ಟು ಲಕ್ಷಣವಾಗಿದೆ" ಅಂದರು.

"ಅದು ನಂದು," ಅಂದೆ. "ಮೇವಿನ ಹತ್ರ ಒದೆಯುತ್ತೆ. ಒಂದು ಕುದುರೆಗೆ ಗಾಯ ಮಾಡಿದೆ."

ಬಂದವರು ಮಲ್ಲಿಯ ಹಿಂಗಾಲು ನೋಡಿದರು, ಆಚೆ ಕಟ್ಟಿದ್ದ ರಾಜನ ಕಲೆ ನೋಡಿದರು. ಆಮೇಲೆ ಗೌಡ್ರ ಕಡೆ ತಿರುಗಿ, "ಹಾಗಾದ್ರೆ ಬಾಡಿಗೆ ಸ್ವಲ್ಪ ಕಮ್ಮಿ ಮಾಡ್ಕೊಳ್ತೀರಾ?" ಅಂದರು.

ಗೌಡ್ರು ನನ್ನನ್ನು ನೋಡಿದ ನೋಟ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ. ತಾತ ಮಾತ್ರ ಹೊಸಬರ ಕುದುರೆಗೆ ಅಂತ ಇನ್ನೊಂದು ಟಬ್ ತೊಳೆಯೋಕೆ ಹೋದರು.