ರೌಟರ್ ಮೇಜು ಕಟ್ಟಿದ ಎರಡು ದಿನ

ರೌಟರ್ ಎಂದರೆ ಬಿಟ್ ಎಂಬ ಅಲಗನ್ನು ವೇಗವಾಗಿ ತಿರುಗಿಸಿ ಮರ ಕೊರೆಯುವ ಯಂತ್ರ. ಕೈಯಲ್ಲಿ ಹಿಡಿದು ಓಡಿಸುವ ರೌಟರ್‌ಗೆ ಅಗಲವಾದ ಹಲಗೆ ಬೇಕು. 40 ಮಿ.ಮೀ. ಅಗಲದ ಪಟ್ಟಿಯ ಅಂಚನ್ನು ಗುಂಡಗೆ ಮಾಡಲು ಹೋದರೆ ಯಂತ್ರ ಕೂರುವುದಕ್ಕೆ ಜಾಗವೇ ಸಿಗದು. ಒಂದಿಷ್ಟು ವಾಲಿದರೂ ಬಿಟ್ ಮರದೊಳಗೆ ಕಚ್ಚಿ ಪಟ್ಟಿ ಹಾಳಾಗುತ್ತದೆ. ಅದೇ ರೌಟರನ್ನು ಮೇಜಿನ ಕೆಳಗೆ ತಲೆಕೆಳಗಾಗಿ ಕಟ್ಟಿ, ಬಿಟ್ ಮಾತ್ರ ಮೇಲೆ ಬರುವಂತೆ ಮಾಡಿದರೆ ಮರವನ್ನೇ ಬಿಟ್ ಮುಂದೆ ತಳ್ಳಿಕೊಂಡು ಹೋಗಬಹುದು. ಫೋಟೋ ಚೌಕಟ್ಟಿನ ಪಟ್ಟಿ, ಡ್ರಾಯರ್ ತಳ ಕೂರುವ ಕಾಲುವೆಯಂಥ ಗ್ರೂವ್, ಕಪಾಟಿನ ಬಾಗಿಲಿನ ಕೂಡಿಕೆ ಎಲ್ಲವೂ ಆಮೇಲೆ ಸಲೀಸು.

ಮೇಜಿಗೆ ಏನೇನೋ ಸೇರಿಸಬಹುದು. ನಿಜಕ್ಕೂ ಬೇಕಾದದ್ದು ಎರಡೇ: ಬಿಟ್ ಸುತ್ತಲಿನ ಮೇಲ್ಮೈ ಸಪಾಟಾಗಿರಬೇಕು, ಫೆನ್ಸ್, ಅಂದರೆ ಮರವನ್ನು ಒರಗಿಸಿ ತಳ್ಳುವ ಆಸರೆಪಟ್ಟಿ, ಮೇಜಿಗೆ ನೇರ ಲಂಬವಾಗಿರಬೇಕು. ಎರಡು ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ಹೊತ್ತು ಹೋದದ್ದು ಈ ಎರಡಕ್ಕೇ.

ಮೊದಲ ದಿನ ಬೆಳಿಗ್ಗೆ ಮೇಜಿನ ಹಲಗೆ. ಅಳತೆ 800 x 550 ಮಿ.ಮೀ. ಇದಕ್ಕಿಂತ ಚಿಕ್ಕದಾದರೆ ಉದ್ದದ ಪಟ್ಟಿ ತಳ್ಳುವಾಗ ಕೊನೆಯಲ್ಲಿ ಬಾಗುತ್ತದೆ; ದೊಡ್ಡದಾದರೆ ಸಣ್ಣ ಕೋಣೆಯಲ್ಲಿ ಓಡಾಡಲು ಅಡ್ಡ. 18 ಮಿ.ಮೀ. ಹಲಗೆ ಎರಡನ್ನು ಅಂಟಿಸಿ 36 ಮಿ.ಮೀ. ದಪ್ಪ ಮಾಡಿದ್ದು. ಒಂದೇ ಪದರ ಸಾಲುವುದಿಲ್ಲ, ಯಾಕೆಂದರೆ ನಾಲ್ಕೈದು ಕಿಲೋ ತೂಕದ ರೌಟರ್ ತಿಂಗಳುಗಟ್ಟಲೆ ನಡುವಿನಿಂದ ತೂಗಾಡುತ್ತಿದ್ದರೆ ಅದು ಮೆಲ್ಲಗೆ ತೊಟ್ಟಿಲಿನಂತೆ ಜಗ್ಗುತ್ತದೆ. ಪ್ಲೈವುಡ್ ಗಟ್ಟಿ, ಆದರೆ ಅದರ ಮೇಲ್ಮೈಯಲ್ಲಿ ಸಣ್ಣ ಏರಿಳಿತ ಇರುತ್ತದೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಗಾಜಿನಷ್ಟು ಸಪಾಟು, ಆದರೆ ತೇವಕ್ಕೆ ಉಬ್ಬುತ್ತದೆ, ಅಂಚಿನಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಹೀಗಾಗಿ ಕೆಳಗೆ ಪ್ಲೈವುಡ್, ಮೇಲೆ ಎಂಡಿಎಫ್, ಸುತ್ತಲೂ 20 ಮಿ.ಮೀ. ಮರದ ಪಟ್ಟಿ.

ಅಂಟಿಸುವ ಜಾಗ ಹೇಗಿದೆಯೋ ಹಲಗೆಯೂ ಹಾಗೇ ಒಣಗುತ್ತದೆ. ತಿರುಚಿದ ಬೆಂಚಿನ ಮೇಲೆ ಅಂಟಿಸಿದರೆ ಆ ತಿರುಚು ಮೇಜಿಗೆ ಕಾಯಂ. ಇದನ್ನು ಮೊದಲೇ ನೋಡಿಕೊಳ್ಳಲು ಸುಲಭದ ದಾರಿಯಿದೆ. ಒಂದೇ ಅಗಲದ ನೇರ ಪಟ್ಟಿ ಎರಡನ್ನು ಬೆಂಚಿನ ಆ ತುದಿಗೊಂದು ಈ ತುದಿಗೊಂದು ಅಡ್ಡಲಾಗಿ ನಿಲ್ಲಿಸಿ, ಕಣ್ಣನ್ನು ಅವುಗಳ ಮಟ್ಟಕ್ಕೆ ಇಳಿಸಿ ನೋಡಬೇಕು. ಹಿಂದಿನ ಪಟ್ಟಿಯ ಅಂಚು ಮುಂದಿನದಕ್ಕೆ ಸಮಾನಾಂತರವಾಗಿ ಕಂಡರೆ ಸರಿ. ಒಂದು ಮೂಲೆ ಎದ್ದು ಕಂಡರೆ ಅದೇ ಪಟ್ಟಿಯ ಇನ್ನೊಂದು ತುದಿಯ ಮೂಲೆಯಡಿ ಕಾಗದ ಮಡಚಿ ಕೊಟ್ಟು ಸರಿಮಾಡಿಕೊಳ್ಳಬೇಕು. ಬಿಳಿ ಗೋಂದನ್ನು ಹಲ್ಲಿನ ಪಟ್ಟಿಯಲ್ಲಿ ತೆಳುವಾಗಿ ಹರಡಿ, ಕೆಳಗಿನಿಂದ 30 ಮಿ.ಮೀ. ಸ್ಕ್ರೂ ಹಾಕಿ ಬಿಗಿದು, ಅಂಚಿಗೆಲ್ಲ ಕ್ಲಾಂಪ್ ಕೊಟ್ಟದ್ದಾಯಿತು. ರೌಟರ್ ಬರುವ ನಡುಭಾಗದಲ್ಲಿ ಸ್ಕ್ರೂ ಹಾಕಬಾರದು. ಮರುದಿನ ಜಿಗ್‌ಸಾ (ಸಣ್ಣ ವಿದ್ಯುತ್ ಗರಗಸ) ಓಡುವುದು ಅಲ್ಲೇ.

ಗೋಂದು ಒಣಗಿದ ಮೇಲೆ ಮೈಕಾ ಶೀಟ್. ಅದು ಎರಡೂ ಬದಿಗೆ ಬೇಕು. ಕೆಳಗೆ ಕಾಣುವುದಿಲ್ಲವಲ್ಲ ಎಂದು ಮೇಲ್ಬದಿಗೆ ಮಾತ್ರ ಅಂಟಿಸಿದರೆ ಬರಿಯ ಬದಿ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಮೈಕಾ ಬದಿ ಹಿಗ್ಗುವುದಿಲ್ಲ, ಹಲಗೆ ಬಾಗುತ್ತದೆ. ರಬ್ಬರ್ ಗೋಂದನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಬಿಡಬೇಕು. ಅದು ತಾಗಿದ ಕ್ಷಣ ಹಿಡಿಯುತ್ತದೆ, ಮತ್ತೆ ಸರಿಸಲು ಬರುವುದಿಲ್ಲ. ಅದಕ್ಕೇ ನಡುವೆ ಒಣ ಕಡ್ಡಿಗಳನ್ನು ಸಾಲಾಗಿ ಇಟ್ಟು, ಶೀಟನ್ನು ಸರಿಯಾಗಿ ಕೂರಿಸಿಕೊಂಡು, ನಡುವಿನ ಕಡ್ಡಿಯಿಂದ ಒಂದೊಂದಾಗಿ ತೆಗೆಯುತ್ತ ಒತ್ತಿದ್ದು. ಒಂದು ತುದಿಯಿಂದ ಇನ್ನೊಂದು ತುದಿಗೂ ಹೋಗಬಹುದು. ಎರಡೂ ತುದಿಯಿಂದ ನಡುವಿಗೆ ಬಂದರೆ ಮಾತ್ರ ಗಾಳಿ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ.

ಎರಡನೆಯ ದಿನ ಪ್ಲೇಟ್. ರೌಟರನ್ನು ಹೊತ್ತು ಮೇಜಿನ ನಡುವೆ ಕೂರುವ ತಟ್ಟೆ ಅದು. ನಾವು ಆರಿಸಿದ್ದು 300 x 230 ಮಿ.ಮೀ. ಅಳತೆಯ, 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ. ಅಕ್ರಿಲಿಕ್ ನೋಡಲು ಚೆಂದ, ಆದರೆ ತೂಕಕ್ಕೆ ಜಗ್ಗುತ್ತದೆ. ನಡುವೆ ಅರ್ಧ ಮಿ.ಮೀ. ಜಗ್ಗಿದರೂ ಗ್ರೂವ್‌ನ ಆಳ ಒಂದೇ ಸಮ ಬರುವುದಿಲ್ಲ.

ಪ್ಲೇಟ್‌ಗೆ ತೂತು ಕೊರೆಯುವಾಗ ಅಳತೆಪಟ್ಟಿಯನ್ನು ನಂಬಬೇಕಿಲ್ಲ. ರೌಟರ್‌ನ ಪ್ಲಾಸ್ಟಿಕ್ ತಳವನ್ನು ಬಿಚ್ಚಿ, ಅದನ್ನೇ ಅಚ್ಚಾಗಿ ಎರಡು ಬದಿ ಅಂಟುವ ಟೇಪಿನಿಂದ ಪ್ಲೇಟ್‌ಗೆ ಹಚ್ಚಿ ಗುರುತು ಹಾಕಿಕೊಂಡರಾಯಿತು. ತೂತು ಸ್ಕ್ರೂಗಿಂತ ಅರ್ಧ ಮಿ.ಮೀ. ದೊಡ್ಡದಿದ್ದರೆ ಆಮೇಲೆ ಬಿಟ್ ನಡುವಿಗೆ ಬರುವಂತೆ ತುಸು ಸರಿಸಿಕೊಳ್ಳಲು ಆಸ್ಪದ ಸಿಗುತ್ತದೆ. ಅಲ್ಯೂಮಿನಿಯಂ ಕೊರೆಯುವಾಗ ನಿಧಾನ ವೇಗ, ಆಗಾಗ ಒಂದು ಹನಿ ಎಣ್ಣೆ. ಇಲ್ಲದಿದ್ದರೆ ಡ್ರಿಲ್ ಬಿಟ್‌ಗೆ ಲೋಹ ಮೆತ್ತಿಕೊಳ್ಳುತ್ತದೆ. ಸ್ಕ್ರೂ ತಲೆ ಪ್ಲೇಟ್‌ಗಿಂತ ಕೂದಲೆಳೆಯಷ್ಟು ಒಳಗೆ ಇಳಿಯಬೇಕು. ಉದ್ದವನ್ನೂ ಕೈಯಲ್ಲೇ ತಿರುಗಿಸಿ ಪರೀಕ್ಷಿಸುವುದು ಒಳ್ಳೆಯದು. ಸ್ಕ್ರೂ ಉದ್ದವಾದರೆ ರೌಟರ್‌ನ ಆಳ ಹೊಂದಿಸುವ ಭಾಗಕ್ಕೆ ತಾಗುತ್ತದೆ, ಗಿಡ್ಡವಾದರೆ ಎರಡೇ ಸುತ್ತು ಹಿಡಿದು ನಡುಕಕ್ಕೆ ಸಡಿಲವಾಗುತ್ತದೆ.

ಈಗ ಮೇಜಿನಲ್ಲಿ ಪ್ಲೇಟ್ ಕೂರುವ ಕಂಡಿ. ಹೆಚ್ಚಿನ ಮೇಜುಗಳು ಕೆಡುವುದು ಇಲ್ಲೇ. ಪ್ಲೇಟನ್ನು ಅದರ ಜಾಗದಲ್ಲಿಟ್ಟು, ನಾಲ್ಕೂ ಬದಿಗೆ ತಾಗಿಕೊಂಡಂತೆ 75 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ಪಟ್ಟಿಗಳನ್ನು ಟೇಪಿನಿಂದ ಅಂಟಿಸಿ, ಮೇಲೆ ಕ್ಲಾಂಪ್ ಕೂಡ ಕೊಡಬೇಕು. ಪ್ಲೇಟ್ ತೆಗೆದರೆ ಅದೇ ಅಳತೆಯ ಅಚ್ಚು ಸಿದ್ಧ. ಶ್ಯಾಂಕ್ (ಬಿಟ್‌ನ ಹಿಡಿ) ಬದಿಗೆ ಬೇರಿಂಗ್ ಇರುವ ಬಿಟ್ ಹಾಕಿ ಪಟ್ಟಿಯ ಒಳ ಅಂಚಿಗೆ ಒರಗಿಸಿ ಓಡಿಸಿದರೆ ಪ್ಲೇಟ್‌ನ ಆಕಾರವೇ ಹಲಗೆಯಲ್ಲಿ ಮೂಡುತ್ತದೆ; ಪ್ಲೇಟ್ ಕೂರುವ ಮೆಟ್ಟಿಲು ಅದೇ. ಬಿಟ್‌ನ ವ್ಯಾಸ 19 ಮಿ.ಮೀ. ಆದರೆ ಮೂಲೆಯ ಗುಂಡಿನ ತ್ರಿಜ್ಯ 9.5 ಮಿ.ಮೀ. ಬರುತ್ತದೆ. ಪ್ಲೇಟ್‌ನ ಮೂಲೆ ಅದಕ್ಕಿಂತ ಚೂಪಾಗಿದ್ದರೆ ಒಳಗೆ ಇಳಿಯುವುದಿಲ್ಲ. ಪ್ಲೇಟ್‌ನ ಮೂಲೆಯನ್ನು ಅರದಿಂದ ಉಜ್ಜಬೇಕು ಅಥವಾ ಹಲಗೆಯ ಮೂಲೆಯನ್ನು ಉಳಿಯಿಂದ ಬಿಡಿಸಬೇಕು.

ಒಂದೇ ಸಲಕ್ಕೆ ಪೂರ್ತಿ ಆಳ ತೆಗೆಯಬಾರದು. 3 ಮಿ.ಮೀ., ಆಮೇಲೆ ಇನ್ನೊಂದು 3 ಮಿ.ಮೀ., ಕೊನೆಗೆ ಅರ್ಧ. ಒಟ್ಟು 6.5 ಮಿ.ಮೀ. ಆಳ; ಪ್ಲೇಟ್ ದಪ್ಪಕ್ಕಿಂತ ಅರ್ಧ ಹೆಚ್ಚು. ರೌಟರ್ ನಿಂತಿರುವುದು ಪಟ್ಟಿಯ ಮೇಲೆ, ಆದ್ದರಿಂದ ಬಿಟ್ ಒಟ್ಟು 12 ಕೂಡಿಸಿ 18.5 ಮಿ.ಮೀ. ಹೊರಗೆ ಬರಬೇಕು ಎಂಬ ಲೆಕ್ಕ ನೆನಪಿರಲಿ. ನಮ್ಮ ಮೇಜಿನ ತಪ್ಪು ಆದದ್ದು ಈ ಲೆಕ್ಕದಲ್ಲೇ. ನಾಲ್ಕು ಪಟ್ಟಿಗಳಲ್ಲಿ ಒಂದು ಬೇರೆ ತುಂಡಿನಿಂದ ಬಂದದ್ದು, ಅರ್ಧ ಮಿ.ಮೀ. ಹೆಚ್ಚು ದಪ್ಪ. ಆ ಬದಿಯಲ್ಲಿ ರೌಟರ್ ಅಷ್ಟೇ ಮೇಲೆದ್ದು, ಮೆಟ್ಟಿಲು ಅಷ್ಟೇ ಕಡಿಮೆ ಆಳವಾಯಿತು. ಪ್ಲೇಟ್ ಇಟ್ಟಾಗ ಎದುರುಬದುರು ಮೂಲೆಗಳ ಮೇಲೆ ಕುಲುಕಾಡಿತು. ಪಟ್ಟಿ ಬದಲಿಸಿ ಆ ಬದಿಯನ್ನು ಮತ್ತೊಮ್ಮೆ ಓಡಿಸಿದ ಮೇಲೆ ಸರಿಹೋಯಿತು. ನಾಲ್ಕೂ ಪಟ್ಟಿಯನ್ನು ಒಂದೇ ಹಲಗೆಯಿಂದ ಕೊಯ್ದಿದ್ದರೆ ಈ ಕೆಲಸವೇ ಬೀಳುತ್ತಿರಲಿಲ್ಲ.

ಮೆಟ್ಟಿಲಿನ ಅಗಲ 10 ಮಿ.ಮೀ. ಉಳಿಯುವಂತೆ ಒಳಗಿನ ಭಾಗವನ್ನು ಜಿಗ್‌ಸಾದಿಂದ ಕೊಯ್ದು ತೆಗೆದರೆ 280 x 210 ಮಿ.ಮೀ. ಕಂಡಿ. ಮೊದಲು ಮೆಟ್ಟಿಲು, ಆಮೇಲೆ ಜಿಗ್‌ಸಾ. ಹಿಂದುಮುಂದಾದರೆ ಜಿಗ್‌ಸಾ ದಾರಿ ತಪ್ಪಿ ಮೆಟ್ಟಿಲಿನ ಜಾಗವನ್ನೇ ತಿಂದುಬಿಡಬಹುದು.

ಆ ಹೆಚ್ಚುವರಿ ಅರ್ಧ ಮಿ.ಮೀ. ಯಾಕೆಂದರೆ, ಪ್ಲೇಟನ್ನು ಮಟ್ಟಕ್ಕೆ ತರುವುದು ಸ್ಕ್ರೂಗಳು. ಮೆಟ್ಟಿಲಿನ ನಾಲ್ಕು ಮೂಲೆಗೆ ಮತ್ತು ಉದ್ದದ ಎರಡು ಬದಿಯ ನಡುವಿಗೆ, ಒಟ್ಟು ಆರು ಸ್ಕ್ರೂಗಳನ್ನು ತಲೆ ಮುಳುಗುವಷ್ಟು ಇಳಿಸಿ, ಪ್ಲೇಟನ್ನು ಅವುಗಳ ತಲೆಯ ಮೇಲೆ ಕೂರಿಸುವುದು. ಮೇಲೆ ಉಕ್ಕಿನ ಮಟ್ಟಪಟ್ಟಿ ಅಡ್ಡ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು ನೋಡುತ್ತ ಒಂದೊಂದನ್ನೇ ಕಾಲು ಸುತ್ತು ತಿರುಗಿಸಬೇಕು. ರೌಟರ್ ತೂಗುಹಾಕಿದ ಮೇಲೆಯೇ ಇದನ್ನು ಮಾಡಬೇಕು, ಖಾಲಿ ಪ್ಲೇಟ್‌ನಲ್ಲಿ ಹೊಂದಿಸಿದ ಮಟ್ಟ ತೂಕ ಬಿದ್ದಾಗ ಬದಲಾಗುತ್ತದೆ. ಕೊನೆಯ ಪರೀಕ್ಷೆ ಕಣ್ಣಿನದ್ದಲ್ಲ: ಚೂಪು ಅಂಚಿನ ಮರದ ತುಂಡನ್ನು ಪ್ಲೇಟ್ ಮೇಲೆ ನಾಲ್ಕೂ ದಿಕ್ಕಿನಿಂದ ಜಾರಿಸಿದಾಗ ಎಲ್ಲೂ ಎಡವಬಾರದು. ತುಂಡಿನ ಮುಂದಿನ ತುದಿ ಎಡವಿ ನಿಲ್ಲುವ ಜಾಗವೇ ನಾಳೆ ಕೊರೆದ ಪಟ್ಟಿಯ ಮೇಲೆ ಗೀರು ಬೀಳುವ ಜಾಗ.

ಫೆನ್ಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ಮೇಜಿನ ಅಂಚಿಗೆ ಸಮಾನಾಂತರವಾಗಿ ಇರಲೇಬೇಕಿಲ್ಲ. ಬಿಟ್ ದುಂಡಗಿದೆ, ಯಾವ ಕೋನದಿಂದ ನೋಡಿದರೂ ಫೆನ್ಸ್‌ಗೆ ಅದು ಒಂದೇ. ಹಾಗಾಗಿ ಹಳಿ, ಅಳತೆಪಟ್ಟಿ ಯಾವುದೂ ಇಲ್ಲದೆ ಎರಡು ಕ್ಲಾಂಪ್ ಸಾಕು. ಇದರಿಂದ ಒಂದು ಅನುಕೂಲವೂ ಇದೆ: ಒಂದು ತುದಿಯ ಕ್ಲಾಂಪ್ ಬಿಗಿದೇ ಇಟ್ಟು ಇನ್ನೊಂದು ತುದಿಯನ್ನು 1 ಮಿ.ಮೀ. ಸರಿಸಿದರೆ ನಡುವಿನ ಬಿಟ್ ಹತ್ತಿರ ಫೆನ್ಸ್ ಸರಿಯುವುದು ಅರ್ಧ ಮಿ.ಮೀ. ಮೇಜಿನಲ್ಲಿ ಮೈಟರ್ ಗೇಜ್‌ನ (ಮರವನ್ನು ಬೇಕಾದ ಕೋನದಲ್ಲಿ ಹಿಡಿದು ತಳ್ಳುವ ಸಾಧನ) ಹಳಿ ಕೊರೆದವರು ಮಾತ್ರ ಪ್ರತಿ ಸಲ ಫೆನ್ಸನ್ನು ಅದಕ್ಕೆ ಸಮಾನಾಂತರ ಮಾಡುತ್ತ ಕೂರಬೇಕು. ಪಟ್ಟಿಯ ತುದಿ ಕೊರೆಯುವುದಿದ್ದರೆ ಚೌಕ ಮರದ ತುಂಡೊಂದನ್ನು ಹಿಂದೆ ಇಟ್ಟು ಫೆನ್ಸ್ ಉದ್ದಕ್ಕೂ ತಳ್ಳಿದರೆ ಸಾಕು, ಹಳಿ ಬೇಡವೇ ಬೇಡ.

ಬೇಕಾದದ್ದು ಲಂಬ. 18 ಮಿ.ಮೀ. ಪ್ಲೈವುಡ್‌ನ 850 ಮಿ.ಮೀ. ಉದ್ದದ ಎರಡು ಪಟ್ಟಿ, ತಳಕ್ಕೆ 150 ಮಿ.ಮೀ. ಅಗಲ, ಮುಖಕ್ಕೆ 120 ಮಿ.ಮೀ. ಎತ್ತರ. ಹಿಂದೆ ನಾಲ್ಕು ತ್ರಿಕೋನದ ಆಸರೆ. ತ್ರಿಕೋನ ಕೊಯ್ಯುವ ಮುನ್ನ ಮೂಲೆಮಟ್ಟವನ್ನೇ ಪರೀಕ್ಷಿಸಬೇಕು: ಹಲಗೆಯ ನೇರ ಅಂಚಿಗೆ ಒರಗಿಸಿ ಗೆರೆ ಎಳೆದು, ಮಗುಚಿ ಅದೇ ಜಾಗದಲ್ಲಿ ಮತ್ತೆ ಎಳೆದರೆ ಎರಡು ಗೆರೆ ಒಂದರ ಮೇಲೊಂದು ಕೂರಬೇಕು. ಕೂಡಿಸಿದ ಮೇಲೆ ಲಂಬ ತಪ್ಪಿದ್ದರೆ ಮುಖ ಮತ್ತು ತಳದ ನಡುವೆ ಕಾಗದದ ಟೇಪ್ ಒಂದೆರಡು ಪದರ ಕೊಟ್ಟು ಸರಿಮಾಡಬಹುದು. ಮುಖದ ಕೆಳ ಅಂಚನ್ನು 2 ಮಿ.ಮೀ. ಓರೆಯಾಗಿ ಕೆರೆದುಬಿಡಬೇಕು. ಆ ಸಂದಿಗೆ ಮರದ ಹೊಟ್ಟು ಸರಿದುಹೋಗುತ್ತದೆ. ಇಲ್ಲದಿದ್ದರೆ ಹೊಟ್ಟು ಮೂಲೆಯಲ್ಲಿ ಕೂತು ಪಟ್ಟಿಯನ್ನು ಫೆನ್ಸ್‌ನಿಂದ ದೂರ ತಳ್ಳುತ್ತದೆ, ಅಳತೆ ಯಾಕೆ ತಪ್ಪಿತೆಂದೇ ತಿಳಿಯುವುದಿಲ್ಲ. ನಡುವೆ 75 ಮಿ.ಮೀ. ಅರ್ಧಚಂದ್ರದ ಕಂಡಿ, ಅದರ ಹಿಂದೆ ಹೊಟ್ಟು ಹೀರುವ ಪೈಪ್. ಗ್ರೂವ್ ಕೊರೆಯುವಾಗ ಈ ಪೈಪ್‌ನಿಂದ ಉಪಯೋಗ ಕಡಿಮೆ, ಹೊಟ್ಟೆಲ್ಲ ಕೆಳಗೇ ಇಳಿಯುತ್ತದೆ. ಹಾಗೆಂದು ರೌಟರ್ ಸುತ್ತ ಬಿಗಿಯಾದ ಪೆಟ್ಟಿಗೆ ಕಟ್ಟಿದರೆ ಮೋಟಾರಿಗೆ ತಂಪು ಗಾಳಿ ಸಿಗದೆ ಕಾಯುತ್ತದೆ. ಗಾಳಿ ಒಳಬರುವ ಕಿಂಡಿ ಇರಲೇಬೇಕು.

ಮೇಜಿನ ಎತ್ತರ 900 ಮಿ.ಮೀ., ಕಾಲುಗಳಿಗೆ 70 x 45 ಮಿ.ಮೀ. ಮರ, ಕೆಳಗೆ ಅಡ್ಡಪಟ್ಟಿ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಸ್ವಿಚ್ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. ರೌಟರ್‌ನ ಸ್ವಿಚ್ ಕೆಳಗಿದ್ದು ಕೈಗೆ ಸಿಗದ ಕಾರಣ, ಮೇಜಿನ ಮುಂದೆ ಬೇರೆ ಸ್ವಿಚ್ ಬೇಕು, ಅದು ಕರೆಂಟ್ ಹೋದಾಗ ತಾನೇ ಆಫ್ ಆಗಿ, ಬಂದಾಗ ಮತ್ತೆ ಒತ್ತುವವರೆಗೆ ಆಫ್ ಆಗಿಯೇ ಉಳಿಯುವ ಬಗೆಯದ್ದಾಗಿರಬೇಕು. ಸಾಮಾನ್ಯ ಸ್ವಿಚ್ ಆದರೆ ಕರೆಂಟ್ ಬಂದ ಕೂಡಲೇ ಬಿಟ್ ತಿರುಗಲು ಶುರು, ಅಷ್ಟರಲ್ಲಿ ಕೈ ಅದರ ಪಕ್ಕ ಇರಬಹುದು. ಬಿಟ್ ಬದಲಿಸುವಾಗ ಪ್ಲಗ್ಗನ್ನೇ ಕೀಳುವುದು.

ಮೊದಲ ಬಾರಿಗೆ ಓಡಿಸುವ ಮುನ್ನ ದಿಕ್ಕು ಮನಸ್ಸಿನಲ್ಲಿ ಗಟ್ಟಿಯಾಗಬೇಕು. ರೌಟರ್ ತಲೆಕೆಳಗಾದ್ದರಿಂದ ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಮರ ಬಲದಿಂದ ಎಡಕ್ಕೆ ಹೋಗಬೇಕು, ಆಗ ಬಿಟ್ ಅದನ್ನು ಬಂದ ದಿಕ್ಕಿಗೇ ಹಿಂದಕ್ಕೆ ತಳ್ಳುತ್ತದೆ, ಹಿಡಿತ ನಮ್ಮದೇ. ಎಡದಿಂದ ಬಲಕ್ಕೆ ಕೊಟ್ಟರೆ ಬಿಟ್ ಮರವನ್ನು ಕೈಯಿಂದ ಕಿತ್ತುಕೊಂಡು ಎಸೆಯುತ್ತದೆ. ಬಿಟ್ ಮತ್ತು ಫೆನ್ಸ್ ನಡುವೆ ಮರ ತೂರಿಸಿದರೂ ಇದೇ ಆಗುತ್ತದೆ, ಏಕೆಂದರೆ ಬಿಟ್‌ನ ಹಿಂಬದಿ ಓಡುವುದು ಎಡಕ್ಕೆ.

ವೇಗದ ಲೆಕ್ಕವೂ ಹೀಗೇ. 25 ಮಿ.ಮೀ. ಬಿಟ್ ನಿಮಿಷಕ್ಕೆ 24,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 31 ಮೀಟರ್ ಓಡುತ್ತದೆ. ಅದೇ ಸುತ್ತಿಗೆ 75 ಮಿ.ಮೀ. ಬಿಟ್‌ನ ಅಂಚು ಓಡುವುದು 94 ಮೀಟರ್. ದೊಡ್ಡ ಬಿಟ್‌ಗೆ ವೇಗವನ್ನು 10,000ದಿಂದ 12,000ಕ್ಕೆ ಇಳಿಸುವುದು ಈ ಕಾರಣಕ್ಕೆ. ಶ್ಯಾಂಕನ್ನು ಕೋಲೆಟ್‌ನಲ್ಲಿ (ರೌಟರ್‌ನಲ್ಲಿ ಬಿಟ್ ಹಿಡಿಯುವ ಭಾಗ) ತಳ ಮುಟ್ಟಿಸಿ, 2-3 ಮಿ.ಮೀ. ಹಿಂದೆಳೆದು ಬಿಗಿಯಬೇಕು. ತಳ ಮುಟ್ಟಿದ್ದಾಗಲೇ ಬಿಗಿದರೆ ಕೋಲೆಟ್ ಪೂರ್ತಿ ಹಿಡಿಯದೆ, ಕೊರೆಯುವಾಗ ಬಿಟ್ ಮೆಲ್ಲಗೆ ಮೇಲೇರಿ ಗ್ರೂವ್ ಆಳವಾಗುತ್ತ ಹೋಗುತ್ತದೆ.

ಮೊದಲ ಗ್ರೂವ್ ಒಂದು ಬೇಡದ ತುಂಡಿನಲ್ಲಿ. 6 ಮಿ.ಮೀ. ಬಿಟ್, ಪ್ರತಿ ಸಲ 3 ಮಿ.ಮೀ., ಮೂರು ಸಲಕ್ಕೆ 9. ಮರದ ಮೇಲೆ ಕಪ್ಪು ಸುಟ್ಟ ಕಲೆ ಬಂದರೆ ತಳ್ಳುವುದು ನಿಧಾನವಾಗಿದೆ, ಅಥವಾ ಬಿಟ್ ಮೊಂಡಾಗಿದೆ, ಅಥವಾ ಅದಕ್ಕೆ ಅಂಟು ಮೆತ್ತಿದೆ. ಹಲಗೆಯ ನಾಲ್ಕೂ ಅಂಚು ಕೊರೆಯುವುದಿದ್ದರೆ ನಾರಿಗೆ ಅಡ್ಡ ಬರುವ ತುದಿಗಳನ್ನು ಮೊದಲು ಮುಗಿಸಬೇಕು; ಅಲ್ಲಿ ಮೂಲೆ ಕಿತ್ತುಬಂದರೂ ಉದ್ದದ ಅಂಚು ಕೊರೆಯುವಾಗ ಆ ಗಾಯ ಹೋಗಿಬಿಡುತ್ತದೆ. 300 ಮಿ.ಮೀ.ಗಿಂತ ಗಿಡ್ಡ ತುಂಡನ್ನು ಬರಿಗೈಯಲ್ಲಿ ತಳ್ಳಬಾರದು. ಉದ್ದ ಪಟ್ಟಿಯ ತುದಿಯಲ್ಲಿ ಆಕಾರ ಕೊರೆದು ಆಮೇಲೆ ಕತ್ತರಿಸಿಕೊಳ್ಳುವುದೇ ಕ್ಷೇಮ.

ಒಂದು ವಾರ ಬಳಸಿದ ಮೇಲೆ ಪ್ಲೇಟ್‌ನ ಮಟ್ಟವನ್ನು ಮತ್ತೊಮ್ಮೆ ನೋಡಬೇಕು. ನಮ್ಮದರಲ್ಲಿ ಬಲಗಡೆಯ ಎರಡು ಸ್ಕ್ರೂಗಳಿಗೆ ಕಾಲು ಸುತ್ತು ಬೇಕಾಯಿತು, ರೌಟರ್ ಹಿಡಿದ ಸ್ಕ್ರೂಗಳಲ್ಲಿ ಒಂದು ಸಡಿಲವಾಗಿತ್ತು.