ಬ್ರಿಟನ್‌ನ ಎರಡು ಕಾಲುದಾರಿಗಳು, ನನ್ನ ಎರಡು ಗೈಡ್‌ಬುಕ್‌ಗಳು

ಎರ್ಮ್ ಹೊಳೆಯ ಅಳಿವೆಯಲ್ಲಿ ಮೂರೂವರೆ ಗಂಟೆ ಕಾದು ಕೂತಿದ್ದೆ. ಆಚೆ ದಡ ಕಣ್ಣೆದುರೇ ಇತ್ತು. ಸೇತುವೆ ಇಲ್ಲ, ದೋಣಿ ಇಲ್ಲ. ಸಮುದ್ರ ಇಳಿದ ಮೇಲೆ ನೀರಿನಲ್ಲಿ ನಡೆದೇ ದಾಟಬೇಕು. ಇದೆಲ್ಲ ನನ್ನ ಗೈಡ್‌ಬುಕ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ನಾನು ಆ ಪುಟ ತೆಗೆದದ್ದು ದಡಕ್ಕೆ ಬಂದ ಮೇಲೆ. ಅಲ್ಲಿಗೆ ಹೊರಟಿರುವವರು ಹಿಂದಿನ ರಾತ್ರಿಯೇ ಓದಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ 1,014 ಕಿ.ಮೀ. ಉದ್ದದ ದಾರಿ. ಮೈನ್‌ಹೆಡ್‌ನಲ್ಲಿ ಶುರುವಾಗಿ, ಕಾರ್ನ್‌ವಾಲ್ ತುದಿ ಸುತ್ತಿ, ಪೂಲ್ ಬಂದರಿನ ಬಾಯಲ್ಲಿ ಮುಗಿಯುತ್ತದೆ. ನಾನು ನಡೆದದ್ದು ಒಂದು ವಾರದ ತುಂಡು ಮಾತ್ರ, ಪ್ಲಿಮತ್‌ನಿಂದ ಪೂರ್ವಕ್ಕೆ. ಈ ಭಾಗದಲ್ಲಿ ಮೂರು ಹೊಳೆ ಸಾಲಾಗಿ ಅಡ್ಡ ಬರುತ್ತವೆ: ಯಾಮ್, ಎರ್ಮ್, ಏವನ್. ಮೊದಲನೆಯದಕ್ಕೂ ಮೂರನೆಯದಕ್ಕೂ ದೋಣಿ ಉಂಟು, ಆದರೆ ವರ್ಷವಿಡೀ ಇಲ್ಲ, ದಿನವಿಡೀ ಇಲ್ಲ. ನಡುವಿನ ಎರ್ಮ್ ದಾಟಲು ಸಿಗುವುದು ಪೂರ್ತಿ ಇಳಿತದ ಹಿಂದೆ ಮುಂದೆ ಒಂದೊಂದು ಗಂಟೆ. ಆ ಇಳಿತವೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ.

ಹಾಗಾಗಿ ಇಲ್ಲಿ ಗೈಡ್‌ಬುಕ್ ಹೇಳುವ 'ಇಷ್ಟನೇ ದಿನ ಇಲ್ಲಿಂದ ಅಲ್ಲಿಗೆ' ಅನ್ನೋ ಲೆಕ್ಕವನ್ನು ಪಕ್ಕಕ್ಕಿಡಿ. ಮೊದಲು ಎರ್ಮ್ ದಾಟುವ ಹೊತ್ತು ಗೊತ್ತು ಮಾಡಿ. ಅದರಿಂದ ಹಿಂದಕ್ಕೆ ಎಣಿಸಿ ಯಾಮ್ ದೋಣಿ, ಮುಂದಕ್ಕೆ ಎಣಿಸಿ ಏವನ್ ದೋಣಿ. ಒಂದೇ ದಿನದಲ್ಲಿ ಮೂರೂ ಹೊಂದದಿದ್ದರೆ ಎರಡು ದಿನ ಮಾಡಿಕೊಳ್ಳಿ. ಇನ್ನೊಂದು ಮಾತು. ಉಬ್ಬರವಿಳಿತದ ಪಟ್ಟಿ ಗ್ರೀನಿಚ್ ಸಮಯದಲ್ಲಿದ್ದರೆ, ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಸೇರಿಸಬೇಕು, ಆಗ ಅಲ್ಲಿನ ಗಡಿಯಾರಗಳು ಒಂದು ಗಂಟೆ ಮುಂದಿರುತ್ತವೆ. ದಾಟಲು ಇರುವುದೇ ಎರಡು ಗಂಟೆ. ಅದರಲ್ಲಿ ಒಂದು ಗಂಟೆ ತಪ್ಪಿದರೆ ಏನು ಉಳಿಯಿತು?

ಕೊನೆಗೂ ನೀರು ಇಳಿಯಿತು. ನಾಯಿ ಜೊತೆ ಬಂದಿದ್ದ ಊರಿನ ಹಿರಿಯರೊಬ್ಬರು ಹಳೆಯ ದಾಟುದಾರಿ ಎಲ್ಲಿದೆ ಅಂತ ಕೈ ತೋರಿಸಿದರು. ಈಚೆ ರಸ್ತೆ ನೀರಿಗಿಳಿಯುವ ಜಾಗದಿಂದ ಆಚೆ ರಸ್ತೆ ನೀರಿಗಿಳಿಯುವ ಜಾಗಕ್ಕೆ. ಶೂ ಕತ್ತಿಗೆ ಕಟ್ಟಿಕೊಂಡು ಇಳಿದೆ. ಅಂಚಿನಲ್ಲಿ ಮೆತ್ತನೆ ಮರಳು, ನಡುವೆ ಕಾಲಿಗೆ ಚುಚ್ಚುವ ಸಣ್ಣ ಕಲ್ಲು, ಮಂಡಿವರೆಗೆ ಕೊರೆಯುವ ನೀರು. ಒಂದು ಜೊತೆ ಹಗುರ ಸ್ಯಾಂಡಲ್ ಇಟ್ಟುಕೊಳ್ಳಿ. ಜೋರು ಮಳೆ ಬಂದಿದ್ದರೆ, ಅಲೆ ದೊಡ್ಡದಿದ್ದರೆ ದಯವಿಟ್ಟು ಇಳಿಯಬೇಡಿ. ಟ್ಯಾಕ್ಸಿ ಮಾಡಿಕೊಂಡು ಸುತ್ತಿ ಹೋಗಿ.

ಮುಂದಿನ ವರ್ಷ ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ ನಡೆದೆ. 154 ಕಿ.ಮೀ., 1980ರಲ್ಲಿ ಶುರುವಾದ ದಾರಿ. ಗ್ಲಾಸ್ಗೋ ಪಕ್ಕದ ಮಲ್‌ಗೈಯಿಂದ ಫೋರ್ಟ್ ವಿಲಿಯಂವರೆಗೆ. (ಬೋರ್ಡಿನಲ್ಲಿ ಮಿಲ್ನ್‌ಗಾವಿ ಅಂತ ಓದುವ ಹಾಗೆ ಬರೆದಿರುತ್ತದೆ. ಅದೇ ಮಲ್‌ಗೈ, ಗಾಬರಿ ಬೇಡ.) ಇಲ್ಲಿ ದಾರಿ ತಪ್ಪುವುದು ಕಷ್ಟ, ಉದ್ದಕ್ಕೂ ಥಿಸಲ್ ಹೂವಿನ ಗುರುತಿನ ಕಂಬಗಳಿವೆ. ಲೆಕ್ಕ ತಪ್ಪುವುದು ಹೊತ್ತಿನಲ್ಲಿ.

ಗಂಟೆಗೆ 5 ಕಿ.ಮೀ., ಪ್ರತಿ 300 ಮೀಟರ್ ಏರಿಗೆ ಅರ್ಧ ಗಂಟೆ ಜಾಸ್ತಿ. ಇದು 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ ಹೇಳಿದ ಸೂತ್ರ. ಸಾಧಾರಣ ದಾರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಲೋಮಂಡ್ ಸರೋವರದ ಪೂರ್ವ ದಡದಲ್ಲಿ, ಇನ್ವರ್‌ಸ್ನೇಡ್ ದಾಟಿದ ಮೇಲೆ, ಬರೀ ಬೇರು ಮತ್ತು ಬಂಡೆ. ಕೈ ಊರಿ ಹತ್ತಬೇಕು, ಕೂತು ಜಾರಬೇಕು. ರೋವರ್ಡೆನನ್‌ನಿಂದ ಇನ್ವರಾರ್ನನ್‌ವರೆಗಿನ ಸುಮಾರು 22 ಕಿ.ಮೀ.ಗೆ ನನಗೆ ಒಂಬತ್ತು ಗಂಟೆ ಹಿಡಿಯಿತು. ಅದಕ್ಕೇ ನನ್ನ ಸಲಹೆ: ಜಾಗದಿಂದ ಜಾಗಕ್ಕೆ ಎಷ್ಟು ಹೊತ್ತು ಅಂತ ಮ್ಯಾಪಿನ ಮೇಲೆಯೇ ಬರೆದಿರುವ ಪುಸ್ತಕ ಕೊಳ್ಳಿ. ಆ ಹೊತ್ತಿನಲ್ಲಿ ವಿಶ್ರಾಂತಿ ಸೇರಿದೆಯೋ ಇಲ್ಲವೋ ಅಂತ ಮೊದಲ ಪುಟಗಳಲ್ಲಿ ನೋಡಿಕೊಳ್ಳಿ. ಸಾಮಾನ್ಯವಾಗಿ ಸೇರಿರುವುದಿಲ್ಲ. ಮೊದಲ ದಿನ ನಿಮ್ಮ ಹೊತ್ತನ್ನು ಪುಸ್ತಕದ ಹೊತ್ತಿನ ಜೊತೆ ಹೋಲಿಸಿ. ಪುಸ್ತಕದ ನಾಲ್ಕು ಗಂಟೆ ನಿಮಗೆ ಐದಾದರೆ, ಕೊನೆವರೆಗೂ ಅದೇ ಅಳತೆಯಲ್ಲಿ ಎಣಿಸಿ.

ಹಳೆ ಪುಸ್ತಕ ಕಡಿಮೆಗೆ ಸಿಕ್ಕಿತು ಅಂತ ತಗೋಬೇಡಿ. ನನ್ನದು ಆರು ವರ್ಷ ಹಳೆಯದು. ಅದರಲ್ಲಿದ್ದ ಒಂದು ವಸತಿಗೃಹ ಮುಚ್ಚಿಹೋಗಿತ್ತು. ಸುಸ್ತಾಗಿ ಬಂದವನು ಸಂಜೆ ಹೊತ್ತಿಗೆ ಮತ್ತೆ ಒಂದು ಗಂಟೆ ನಡೆಯಬೇಕಾಯಿತು. ಟೆಂಟ್ ಹಾಕುವವರಂತೂ ಇನ್ನೂ ಹುಷಾರಾಗಿರಬೇಕು. 2003ರ ಕಾನೂನಿನಿಂದ ಸ್ಕಾಟ್ಲೆಂಡಿನ ಬಹುಪಾಲು ಬಯಲಿನಲ್ಲಿ ಟೆಂಟ್ ಹಾಕುವ ಹಕ್ಕಿದೆ. ಆದರೆ ಲೋಮಂಡ್ ಪೂರ್ವ ದಡದ ಬಹಳ ಕಡೆ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಪರ್ಮಿಟ್ ಬೇಕು. ಹಳೆ ಪುಸ್ತಕಗಳಲ್ಲಿ ಈ ಎರಡನೇ ಮಾತು ಇರುವುದಿಲ್ಲ. ಕೊಳ್ಳುವಾಗ ಮುದ್ರಣದ ವರ್ಷ ನೋಡಿ, ಪ್ರಕಾಶಕರ ವೆಬ್‌ಸೈಟಿನಲ್ಲಿ ತಿದ್ದುಪಡಿಗಳಿದ್ದರೆ ಓದಿ.

ಜೂನ್‌ನಿಂದ ಆಗಸ್ಟ್‌ವರೆಗೆ ಮಿಡ್ಜ್ ಎಂಬ ನುಸಿ ವಿಪರೀತ. ತಲೆಗೆ ಬಲೆ ಬೇಕೇ ಬೇಕು. ನನಗೆ ಮೇ ಹಿಡಿಸಿತು.

ಇಡೀ ಪುಸ್ತಕವನ್ನು ಕೈಯಲ್ಲಿ ಹಿಡಿದು ನಡೆಯಬೇಡಿ, ಮಳೆಗೆ ಹಿಟ್ಟಾಗುತ್ತದೆ. ರಾತ್ರಿ ಮರುದಿನದ ಪುಟಗಳ ಫೋಟೊ ತೆಗೆಯಿರಿ, ಒಂದು ಕಾಗದದ ಪ್ರತಿಯನ್ನು ಜಿಪ್ ಕವರಿನಲ್ಲಿಡಿ. ಅದರ ಮೇಲ್ತುದಿಯಲ್ಲಿ ಪೆನ್ಸಿಲಿನಲ್ಲಿ ನಾಲ್ಕು ವಿಷಯ ಬರೆಯಿರಿ: ಇಳಿತದ ಹೊತ್ತು, ದೋಣಿಯ ಹೊತ್ತು, ಸೂರ್ಯ ಮುಳುಗುವ ಹೊತ್ತು, ಮುಂದಿನ ಅಂಗಡಿ. ಹೈಲ್ಯಾಂಡ್ಸ್‌ನಲ್ಲಿ ಆ ಅಂಗಡಿ ಟಿಂಡ್ರಮ್‌ನಲ್ಲಿದೆ. ಅಲ್ಲಿಂದ ಕಿಂಗ್ಸ್‌ಹೌಸ್‌ವರೆಗೆ 30 ಕಿ.ಮೀ., ರಾನಕ್ ಮೂರ್‌ನ ಅಂಚಿನಲ್ಲಿ ಗಾಳಿ ಮಳೆಗೆ ಮರೆಯೇ ಇಲ್ಲದ ಬಯಲು. ಎರಡು ದಿನಕ್ಕಾಗುವಷ್ಟು ತಿಂಡಿ ಅಲ್ಲೇ ತುಂಬಿಕೊಳ್ಳಿ.